ಹಾರ್ಬಿನ್‌ನ ಡಾಕ್ಟರ್ ಮತ್ತು ಮೂರಡಿ ಬಟ್ಟೆ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಸಂಘದ ಹದಿನೈದು ಜನ ಮಹದೇವಪುರದ ಕೆರೆ ಹತ್ತಿರ ಕಸ ಆಯೋಕೆ ಹೋಗಿದ್ವಿ. ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ ಸಿಗುತ್ತೆ ಅಂತ ಗೊತ್ತೇ ಇತ್ತು. ಆದ್ರೆ ಮಣ್ಣು ಕೆದಕಿದ ಕಡೆಯೆಲ್ಲ ತಿಳಿನೀಲಿ ಮಾಸ್ಕುಗಳು! ಕೊರೊನಾ ಕಾಲದಲ್ಲಿ ನಾವೆಲ್ಲ ಇನ್ನೂ ಸ್ಕೂಲಿನಲ್ಲಿದ್ವಿ. ಇಷ್ಟು ವರ್ಷ ಕಳೆದರೂ ಬಣ್ಣ ಮಾಸಿದ್ದು ಬಿಟ್ಟರೆ ಅವಕ್ಕೆ ಹೆಚ್ಚೇನೂ ಆಗಿರಲಿಲ್ಲ. ನೋಡೋಕೆ ಬಟ್ಟೆ ಥರ ಇದ್ರೂ ಅದು ಬಟ್ಟೆಯಲ್ಲವಲ್ಲ. ಮೂರು ಪದರ ಪಾಲಿಪ್ರೊಪಿಲೀನ್, ಮೂಗಿನ ಮೇಲೊಂದು ತಂತಿ, ಕಿವಿಗೆ ಎಲಾಸ್ಟಿಕ್. ಮೊಸರಿನ ಡಬ್ಬಿ ಮಾಡುವ ಪ್ಲಾಸ್ಟಿಕ್ಕನ್ನೇ ಕರಗಿಸಿ, ಎಳೆ ಎಳೆಯಾಗಿ ಹರಡಿ ಮಾಡಿದ್ದು.

ವಾಪಸ್ ಬರುವಾಗ ನಮ್ಮಲ್ಲೊಂದು ಪ್ರಶ್ನೆ ಎದ್ದಿತು: ಮಾಸ್ಕು ಮೊದಲಿನಿಂದಲೂ ಹೀಗೇ ಇತ್ತಾ? ಹುಡುಕುತ್ತಾ ಹೋದ ನಮಗೆ ಸಿಕ್ಕವರು ಡಾ. ವೂ ಲಿಯೆನ್-ತೆ.

ವೂ ಹುಟ್ಟಿದ್ದು 1879ರ ಮಾರ್ಚ್ 10ರಂದು, ಇಂದಿನ ಮಲೇಷ್ಯಾದ ಪೆನಾಂಗ್‌ನಲ್ಲಿ. ಅಪ್ಪ ಚೀನಾದಿಂದ ವಲಸೆ ಬಂದ ಅಕ್ಕಸಾಲಿಗ. ಹುಡುಗ ಓದಿನಲ್ಲಿ ಚುರುಕು. ಸ್ಕಾಲರ್‌ಶಿಪ್ ಸಿಕ್ಕಿ 1896ರಲ್ಲಿ ಕೇಂಬ್ರಿಡ್ಜ್‌ನ ಇಮ್ಯಾನ್ಯುಯೆಲ್ ಕಾಲೇಜು ಸೇರಿದರು. ಅಲ್ಲಿ ವೈದ್ಯಕೀಯ ಓದಿದ ಮೊದಲ ಚೀನೀ ವಿದ್ಯಾರ್ಥಿ ಅವರೇ. ಅವರು ಅಲ್ಲಿ ಓದುತ್ತಿದ್ದಾಗಲೇ, 1898ರಲ್ಲಿ, ಪ್ಲೇಗ್ ನಮ್ಮ ಬೆಂಗಳೂರಿಗೆ ನುಗ್ಗಿತು. ಜನ ಮನೆ ಬಿಟ್ಟು ಊರಾಚೆ ಓಡಿದ ಕಾಲ ಅದು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಅದೇ ವರ್ಷ ಕರಾಚಿಯಲ್ಲಿ ಪಾಲ್-ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ, ಪ್ಲೇಗನ್ನು ಇಲಿಯಿಂದ ಇಲಿಗೆ ಹರಡುವುದು ಚಿಗಟ ಅಂತ ತೋರಿಸಿದ. ಮುಂದೆ ಮುಂಬೈಯಲ್ಲಿ ನಡೆದ ಪ್ರಯೋಗಗಳೂ ಅದನ್ನೇ ಹೇಳಿದವು. ನಮ್ಮ ನೆಲದಲ್ಲಿ ಸಿಕ್ಕ ಈ ಸರಿಯಾದ ಉತ್ತರವೇ ಮುಂದೆ ಇನ್ನೊಂದು ಊರಲ್ಲಿ ಡಾಕ್ಟರುಗಳ ಕಣ್ಣು ಕಟ್ಟಿತು. ಅದನ್ನ ನೆನಪಿಟ್ಟುಕೊಳ್ಳಿ.

ಓದು ಮುಗಿಸಿ ಪೆನಾಂಗ್‌ಗೆ ಮರಳಿದ ವೂ, ಅಫೀಮಿನ ವಿರುದ್ಧ ಸಂಘಟನೆ ಕಟ್ಟಿ ದೊಡ್ಡವರ ಕಣ್ಣಿಗೆ ಗುರಿಯಾದರು. ತಮಾಷೆ ನೋಡಿ, ಅಫೀಮಿನ ವಿರುದ್ಧ ಹೋರಾಡಿದವರ ದವಾಖಾನೆಯಲ್ಲೇ ಅಫೀಮಿನ ಔಷಧಿ ಸಿಕ್ಕಿತು ಅಂತ ದಂಡ ಹಾಕಲಾಯಿತು. ಊರು ಬೇಸರ ತರಿಸಿತ್ತೇನೋ, 1908ರಲ್ಲಿ ಚೀನಾದ ತಿಯಾನ್‌ಜಿನ್‌ನ ಸೇನಾ ವೈದ್ಯಕೀಯ ಕಾಲೇಜಿನ ಕೆಲಸ ಒಪ್ಪಿಕೊಂಡು ಹೊರಟರು.

1910ರ ಚಳಿಗಾಲ. ಚೀನಾದ ಈಶಾನ್ಯ ಮೂಲೆ ಮಂಚೂರಿಯಾದಲ್ಲಿ ಜನ ರಕ್ತ ಕೆಮ್ಮಿ ಒಂದೆರಡು ದಿನದಲ್ಲೇ ಸಾಯತೊಡಗಿದರು. ಮಾರ್ಮಟ್ ಎಂಬ, ಅಳಿಲಿನ ಜಾತಿಯ ದೊಡ್ಡ ಪ್ರಾಣಿಯ ತುಪ್ಪಳಕ್ಕೆ ಆಗ ಭಾರಿ ಬೆಲೆ. ಬೇಟೆ ಪಳಗದ ಕೂಲಿಗಳು ರೋಗ ಹಿಡಿದ ಮಾರ್ಮಟ್ಟನ್ನೂ ಹಿಡಿದರು, ಇಕ್ಕಟ್ಟಾದ ಛತ್ರಗಳಲ್ಲಿ ಒತ್ತೊತ್ತಾಗಿ ಮಲಗಿದರು, ರೈಲು ಹತ್ತಿ ಊರಿಗೆ ಹೊರಟರು. ಡಿಸೆಂಬರ್ 24ರಂದು ವೂ ಹಾರ್ಬಿನ್‌ನಲ್ಲಿ ಇಳಿದಾಗ ಅವರಿಗೆ 31 ವರ್ಷ. ಜೊತೆಗೆ ಇದ್ದದ್ದು ಒಬ್ಬ ವಿದ್ಯಾರ್ಥಿ.

ಮೂರು ದಿನಕ್ಕೆ, ಸತ್ತ ಒಬ್ಬ ಜಪಾನಿ ಹೆಂಗಸಿನ ಶವಪರೀಕ್ಷೆ ಮಾಡಿದರು. ಹೆಣ ಕೊಯ್ಯೋದು ಅಲ್ಲಿನ ಸಂಪ್ರದಾಯಕ್ಕೆ ಒಪ್ಪದ ಮಾತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಪ್ಲೇಗಿನ ಕ್ರಿಮಿಯೇ. ಆದ್ರೆ ರೋಗ ಇದ್ದದ್ದು ಶ್ವಾಸಕೋಶದಲ್ಲಿ. ಇದು ಇಲಿ, ಚಿಗಟದ ಆಟವಲ್ಲ. ಕೆಮ್ಮಿದವನ ಬಾಯಿಂದ ಎದುರಿದ್ದವನ ಮೂಗಿಗೆ ಹೋಗ್ತಿದೆ ಅಂತ ವೂ ತೀರ್ಮಾನಿಸಿದರು. ಹಾಗಾದ್ರೆ ತಡೆಯಬೇಕಾದ್ದು ಉಸಿರನ್ನ.

ಅವರು ಮಾಡಿಸಿದ ಮಾಸ್ಕಿನ ಅಳತೆ ಬರೆದಿಟ್ಟಿದ್ದಾರೆ. ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆ, 9 ಇಂಚು ಅಗಲ, 3 ಅಡಿ ಉದ್ದ. ಅದನ್ನು ಉದ್ದಕ್ಕೆ ಮಡಚಿ ನಡುವೆ 6 ಇಂಚು ಉದ್ದ, 4 ಇಂಚು ಅಗಲದ ಹತ್ತಿಯ ಪಟ್ಟಿ. ಎರಡೂ ತುದಿಗೆ ಎರಡೆರಡು ಸೀಳು ಹಾಕಿದರೆ ಒಂದೊಂದು ಕಡೆ ಮೂರು ಬಾಲ. ಅವನ್ನು ತಲೆಯ ಹಿಂದೆ, ಕತ್ತಿನ ಹಿಂದೆ, ನೆತ್ತಿಯ ಮೇಲೆ ಕಟ್ಟಿದರೆ ಬಿಗಿಯಾಗಿ ಕೂರುತ್ತೆ. ಒಂದಕ್ಕೆ ಬಿದ್ದ ಖರ್ಚು ಎರಡೂವರೆ ಸೆಂಟು. ಹೊಲಿಗೆಯೂ ಬೇಡ, ಕತ್ತರಿ ಇದ್ದರೆ ಸಾಕು. ಮಾಸ್ಕನ್ನೇ ವೂ ಕಂಡುಹಿಡಿದರು ಅಂತ ಕೆಲವರು ಬರೀತಾರೆ, ಅದು ಸರಿಯಲ್ಲ. 1897ರಲ್ಲೇ ಯುರೋಪಿನ ಸರ್ಜನ್ನರು ಆಪರೇಷನ್ ಮಾಡುವಾಗ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ವೂ ಮಾಡಿದ್ದು ಅದನ್ನು ಆಪರೇಷನ್ ಕೋಣೆಯಿಂದ ಬೀದಿಗೆ ತಂದದ್ದು.

ತರೋದು ಸುಲಭ ಇರಲಿಲ್ಲ. ಮೆಸ್ನಿ ಎಂಬ ಫ್ರೆಂಚ್ ಡಾಕ್ಟರ್ ಹಾರ್ಬಿನ್‌ಗೆ ಬಂದರು. ವೂಗಿಂತ ಹಿರಿಯರು, ಪ್ಲೇಗನ್ನು ಮೊದಲೇ ಕಂಡವರು. ಇಲಿ ಹಿಡಿಯದೆ ಇದೇನು ಬಟ್ಟೆ ಕಟ್ಟುವ ಹುಚ್ಚು ಅಂತ ಈ ಕಿರಿಯ ಚೀನೀ ಡಾಕ್ಟರ ಮೇಲೆ ರೇಗಾಡಿದರು. ಜಗಳ ಎಷ್ಟು ಬೆಳೆಯಿತೆಂದರೆ ವೂ ರಾಜೀನಾಮೆಗೂ ಸಿದ್ಧರಾದರು. ಮೆಸ್ನಿ ಕೈಗವಸು, ಗೌನು, ಟೋಪಿ ಎಲ್ಲ ತೊಟ್ಟು, ಮಾಸ್ಕ್ ಮಾತ್ರ ಕಟ್ಟದೆ ರೋಗಿಗಳನ್ನು ನೋಡಿದರು. 1911ರ ಜನವರಿ 11ರಂದು ಪ್ಲೇಗಿನಿಂದಲೇ ತೀರಿಕೊಂಡರು. ಅವರು ದಡ್ಡರಲ್ಲ. ಮುಂಬೈ, ಕರಾಚಿಯ ಪಾಠವನ್ನ ಸರಿಯಾಗೇ ಓದಿಕೊಂಡಿದ್ದರು. ಪರೀಕ್ಷೆಯಲ್ಲಿ ಪ್ರಶ್ನೆ ಬದಲಾಗಿತ್ತು. ಎಂಜಿನಿಯರಿಂಗ್ ಓದುವ ನಮಗೆ ಇದು ಅರ್ಥ ಆಗದೆ ಇರುತ್ತಾ!

ಆಮೇಲೆ ಊರಲ್ಲಿ ಮಾಸ್ಕು ಎಲ್ಲೆಡೆ ಕಾಣತೊಡಗಿತು. ರೈಲು ಡಬ್ಬಿಗಳೇ ಕ್ವಾರಂಟೈನ್ ಕೋಣೆಗಳಾದವು. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ ಸಾಲುಸಾಲಾಗಿ ಬಿದ್ದಿದ್ದ ಎರಡು ಸಾವಿರಕ್ಕೂ ಹೆಚ್ಚು ಹೆಣಗಳನ್ನು, ಚಕ್ರವರ್ತಿಯ ಅಪ್ಪಣೆ ತರಿಸಿ, ಜನವರಿ ಕೊನೆಗೆ ಸುಟ್ಟರು. ಮಾರ್ಚ್ 1ಕ್ಕೆ ಹಾರ್ಬಿನ್‌ನಲ್ಲಿ ಕೊನೆಯ ಸಾವು. ಅಷ್ಟರೊಳಗೆ ಮಂಚೂರಿಯಾ ಸುತ್ತ ಸುಮಾರು 60,000 ಜನ ಹೋಗಿದ್ದರು. ಏಪ್ರಿಲ್‌ನಲ್ಲಿ ಮುಕ್ಡೆನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಪ್ಲೇಗ್ ಸಮ್ಮೇಳನಕ್ಕೆ ವೂ ಅವರೇ ಅಧ್ಯಕ್ಷರು. ಆಮೇಲಿನ ಬದುಕು ಚೀನೀ ವೈದ್ಯರ ಸಂಘ, ಆಸ್ಪತ್ರೆ, ಬಂದರಿನ ಕ್ವಾರಂಟೈನ್ ಕಟ್ಟುವುದರಲ್ಲಿ ಕಳೆಯಿತು. 1935ರಲ್ಲಿ ನೊಬೆಲ್‌ಗೆ ಹೆಸರು ಹೋಗಿತ್ತು, ಬರಲಿಲ್ಲ. 1937ರಲ್ಲಿ ಯುದ್ಧ ಶುರುವಾದಾಗ ಮಲಯಾಕ್ಕೆ ಮರಳಿ, ಇಪೋ ಊರಿನಲ್ಲಿ ಸಾಮಾನ್ಯ ಡಾಕ್ಟರಾಗಿ ರೋಗಿಗಳನ್ನು ನೋಡುತ್ತಾ ಉಳಿದರು. 1960ರ ಜನವರಿ 21ರಂದು, 80ನೇ ವಯಸ್ಸಿನಲ್ಲಿ, ಹುಟ್ಟೂರು ಪೆನಾಂಗ್‌ನಲ್ಲೇ ತೀರಿಕೊಂಡರು.

ಬಟ್ಟೆ ಮಾಸ್ಕಿಗೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಿವೃತ್ತಿ ಬಂತು. ಅಲ್ಲಿವರೆಗೆ ಆಸ್ಪತ್ರೆಗಳು ಬಟ್ಟೆ ಮಾಸ್ಕನ್ನು ಒಗೆದು, ಹಬೆಯಲ್ಲಿ ಬೇಯಿಸಿ, ಮತ್ತೆ ಕಟ್ಟಿಕೊಳ್ಳುತ್ತಿದ್ದವು. 1960ರ ದಶಕದಲ್ಲಿ ಒಮ್ಮೆ ಬಳಸಿ ಎಸೆಯುವ ಮಾಸ್ಕು ಬಂತು. ಒಗೆಯುವ ಆಳಿನ ಖರ್ಚು ಉಳಿಯಿತು. ಬಟ್ಟೆ ಸೋತಿತು ಅಂತಲ್ಲ. 1975ರ ಒಂದು ಹೋಲಿಕೆಯಲ್ಲಿ ನಾಲ್ಕು ಪದರದ ಹತ್ತಿ ಮಾಸ್ಕು ಆಗಿನ ಎಸೆಯುವ ಮಾಸ್ಕುಗಳಿಗಿಂತ ಮೇಲು ಅಂತಲೇ ಬಂದಿತ್ತು. ಇವತ್ತಿನ ಕಥೆ ಬೇರೆ: ಒಳ್ಳೆ ಎನ್-95ಕ್ಕೆ ಬಟ್ಟೆ ಸಾಟಿಯಲ್ಲ. ಕ್ಷಯದ ವಾರ್ಡಿನ ನರ್ಸಿಗೆ ಪಂಚೆ ಹರಿದು ಕೊಡಿ ಅಂತ ನಾವು ಹೇಳಲ್ಲ. ಆದ್ರೆ ಹೂಡಿಯ ಧೂಳಿಗೆ, ನೆಗಡಿ ಆದಾಗ ಬಸ್ಸು ಹತ್ತೋಕೆ ದಿನಕ್ಕೊಂದು ಪ್ಲಾಸ್ಟಿಕ್ ಬೇಕಾ? ಅದು ಮರುಬಳಕೆಗೂ ಹೋಗಲ್ಲ. ಕಾಗದದಲ್ಲಿ ಸುತ್ತಿ ಕೆಂಪು ಡಬ್ಬಿಗೆ ಹಾಕಬೇಕು. ಹಾಕದಿದ್ದರೆ ನಾವು ಉಸಿರು ಬಿಟ್ಟದ್ದನ್ನ ಪೌರಕಾರ್ಮಿಕರು ಕೈಯಲ್ಲಿ ಎತ್ತಬೇಕು.

ಸಂಘದ ರೂಮಿನಲ್ಲಿ ಹಳೇ ಪಂಚೆಯೊಂದನ್ನ ವೂ ಹೇಳಿದ ಅಳತೆಗೆ ಕತ್ತರಿಸಿ ನೋಡಿದ್ವಿ. ನಡುವಿನ ಹತ್ತಿ ಪಟ್ಟಿ ಬಿಟ್ಟು ಇನ್ನೆರಡು ಪದರ ಪಂಚೆಯನ್ನೇ ಹಾಕಿದ್ವಿ, ಒಗೆಯೋಕೆ ಸುಲಭ ಅಂತ. ಹಾಸ್ಟೆಲ್ ಪಾತ್ರೆಯಲ್ಲಿ ಕುದಿಸಿ ಒಣಗಿಸಿದ್ದು ಏಳನೇ ಸಲಕ್ಕೂ ಚೆನ್ನಾಗೇ ಇದೆ. ನೆತ್ತಿಯ ಮೇಲಿನ ಗಂಟು ಮಾತ್ರ ಹೆಲ್ಮೆಟ್ಟಿನೊಳಗೆ ಒತ್ತುತ್ತೆ. ಅದಕ್ಕೆ ಮೆಕ್ಯಾನಿಕಲ್‌ನವರು ಏನೋ ದಾರಿ ಹುಡುಕ್ತಿದ್ದಾರೆ.