ಪ್ರೋಟೀನುಗಳನ್ನು ಅಕ್ಷರಕ್ಕಿಳಿಸಿದ ಮಾರ್ಗರೆಟ್ ಡೇಹಾಫ್

ನಮ್ಮ ಶಾಲೆಯಲ್ಲಿ ಗಣಿತ ಇಷ್ಟಪಡುತ್ತಿದ್ದ ನಾವು ಕೆಲವರು ಜೀವಶಾಸ್ತ್ರವೆಂದರೆ ದೂರ ಸರಿಯುತ್ತಿದ್ದೆವು. ಬಿಇ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನಾನು ಪ್ರೋಟೀನ್ ಸರಣಿಗಳನ್ನು ಹುಡುಕಿ ಹೋಲಿಸುವುದನ್ನು ಕಲಿಯಬೇಕಾಯಿತು. ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಮಾರ್ಗರೆಟ್ ಡೇಹಾಫ್ ಪ್ರಮುಖರು.

ಅವರು 1925ರ ಮಾರ್ಚ್ 11ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನಿಸಿದರು. ನ್ಯೂಯಾರ್ಕ್‌ನಲ್ಲಿ ಗಣಿತ ಓದಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಂಚ್ ಕಾರ್ಡ್ ಯಂತ್ರಗಳಿಂದ ಅಣುಗಳ ಲೆಕ್ಕ ಹಾಕಿ ಪಿಎಚ್‌ಡಿ ಪಡೆದರು. ಇಬ್ಬರು ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ಕೆಲವು ವರ್ಷ ಸಂಶೋಧನೆಯಿಂದ ದೂರವಿದ್ದು, ನಂತರ ಮತ್ತೆ ಕೆಲಸ ಆರಂಭಿಸಿದರು.

ಪ್ರೋಟೀನ್ ಎಂದರೆ 20 ಬಗೆಯ ಅಮೈನೋ ಆಮ್ಲಗಳ ಸರಪಳಿ. ಒಂದೊಂದು ಆಮ್ಲದ ಹೆಸರನ್ನೂ ಆಗ ಮೂರಕ್ಷರದಲ್ಲಿ ಬರೆಯುತ್ತಿದ್ದರು. ಕಂಪ್ಯೂಟರಿಗೆ ಅನುಕೂಲವಾಗಲೆಂದು ಡೇಹಾಫ್ ಒಂದೇ ಅಕ್ಷರದ ಸಂಕೇತ ರೂಪಿಸಿದರು: ಅಲನಿನ್‌ಗೆ ಎ, ಗ್ಲೈಸಿನ್‌ಗೆ ಜಿ. 1965ರಲ್ಲಿ ಸಹೋದ್ಯೋಗಿಗಳೊಂದಿಗೆ 65 ಪ್ರೋಟೀನುಗಳ ಸರಣಿಗಳನ್ನು ಕಲೆಹಾಕಿ ಪುಸ್ತಕವಾಗಿ ತಂದರು. ಬೇರೆಯವರು ಕಂಡುಹಿಡಿದದ್ದನ್ನು ಒಟ್ಟುಗೂಡಿಸುವುದು ಸಂಶೋಧನೆಯೇ ಅಲ್ಲ ಎಂಬ ಭಾವನೆ ಆಗ ಹಲವು ವಿಜ್ಞಾನಿಗಳಲ್ಲಿತ್ತು. ಆದರೂ ಅವರು ಸಂಗ್ರಹ ನಿಲ್ಲಿಸಲಿಲ್ಲ.

ಒಟ್ಟುಗೂಡಿಸಿದ್ದರಿಂದಲೇ ಹೋಲಿಕೆ ಸಾಧ್ಯವಾಯಿತು. 51 ಅಮೈನೋ ಆಮ್ಲಗಳ ಇನ್ಸುಲಿನ್‌ನಲ್ಲಿ ಮನುಷ್ಯನಿಗೂ ಹಂದಿಗೂ ಒಂದೇ ಕಡೆ ವ್ಯತ್ಯಾಸ. ಮನುಷ್ಯನಿಗೂ ಹಸುವಿಗೂ ಮೂರು ಕಡೆ. ಆದರೆ ಎಲ್ಲ ಬದಲಾವಣೆಗಳೂ ಸಮಾನವಲ್ಲ. ಗುಣದಲ್ಲಿ ಹತ್ತಿರವಿರುವ ಐಸೊಲ್ಯೂಸಿನ್ ಮತ್ತು ವ್ಯಾಲಿನ್ ಒಂದರ ಜಾಗಕ್ಕೆ ಇನ್ನೊಂದು ಸುಲಭವಾಗಿ ಬರುತ್ತವೆ. ಟ್ರಿಪ್ಟೊಫಾನ್ ಬದಲಾಗುವುದು ಅಪರೂಪ. ಡೇಹಾಫ್ ತಂಡ 71 ಗುಂಪುಗಳ ನಿಕಟ ಪ್ರೋಟೀನುಗಳಲ್ಲಿ 1,572 ಬದಲಾವಣೆಗಳನ್ನು ಎಣಿಸಿ, ಯಾವುದಕ್ಕೆ ಎಷ್ಟು ಅಂಕ ಎಂಬ ಕೋಷ್ಟಕವನ್ನು 1978ರಲ್ಲಿ ಪ್ರಕಟಿಸಿತು. ಅದೇ ಪ್ಯಾಮ್ ಕೋಷ್ಟಕ.

1982ರಲ್ಲಿ ಅಮೆರಿಕ ಸರ್ಕಾರ ಡಿಎನ್‌ಎ ಸರಣಿಗಳ ಭಂಡಾರ ಕಟ್ಟುವ ಹೊಣೆ ಯಾರಿಗೆ ಕೊಡಬೇಕೆಂದು ನಿರ್ಧರಿಸಿತು. ಡೇಹಾಫ್ ಅವರ ಸಂಸ್ಥೆಯೂ ಆಸೆಪಟ್ಟಿತ್ತು. ಅವಕಾಶ ಬೇರೆ ತಂಡದ ಪಾಲಾಯಿತು. ಅವರ ಸಂಗ್ರಹದ ಬಳಕೆಗೆ ನಿರ್ಬಂಧಗಳಿದ್ದವು, ಆಯ್ಕೆಯಾದ ತಂಡ ಎಲ್ಲರಿಗೂ ಮುಕ್ತವಾಗಿ ಕೊಡಲು ಒಪ್ಪಿತ್ತು. ಮರುವರ್ಷ ಫೆಬ್ರವರಿ 5ರಂದು, 57ನೇ ವಯಸ್ಸಿನಲ್ಲಿ, ಡೇಹಾಫ್ ಹೃದಯಾಘಾತದಿಂದ ನಿಧನರಾದರು.

ಇಂದು ಬ್ಲಾಸ್ಟ್ ಎಂಬ ಹುಡುಕು ಸಾಧನ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ. ಅದರಲ್ಲಿ ಪ್ಯಾಮ್ ಕೋಷ್ಟಕವನ್ನು ಈಗಲೂ ಆರಿಸಿಕೊಳ್ಳಬಹುದು. ನಮ್ಮ ಶಾಲೆಯ ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತಾಗ ಮನುಷ್ಯನ ಮತ್ತು ಹಸುವಿನ ಇನ್ಸುಲಿನ್ ಹೋಲಿಸಿ ನೋಡಲಿ. ಆ ಮೂರು ವ್ಯತ್ಯಾಸಗಳು ಅವರ ಕಣ್ಣಿಗೇ ಬೀಳುತ್ತವೆ. ಗಣಿತ ಬೇರೆ, ಜೀವಶಾಸ್ತ್ರ ಬೇರೆ ಎಂದುಕೊಂಡು ನಾನು ಮಾಡಿದ ತಪ್ಪು ಅವರಿಂದ ಆಗದಿರಲಿ.