ಕುಶಲಕರ್ಮಿಗೆ ಹೆಸರೂ ಬೇಕು, ಬೆಲೆಯೂ ಬೇಕು: ಕಮಲಾದೇವಿ ತೋರಿದ ದಾರಿ

ವೇಮಗಲ್: ಮೊರ, ಬುಟ್ಟಿ, ಮಡಕೆ ಕೊಳ್ಳುವಾಗ ಹತ್ತು ರೂಪಾಯಿಗೂ ಚೌಕಾಸಿ ಮಾಡೋ ನಾವು, ಅದೇ ಸಾಮಾನು ಬೆಂಗಳೂರಿನ ಮಾಲ್‌ನಲ್ಲಿದ್ದರೆ ಚೀಟಿ ಮೇಲಿನ ರೇಟು ಕೊಟ್ಟು ಬರ್ತೀವಿ. ಈ ಅನ್ಯಾಯ ಸರಿಪಡಿಸೋಕೆ ಆಯಸ್ಸು ಸವೆಸಿದವರು ಕಮಲಾದೇವಿ ಚಟ್ಟೋಪಾಧ್ಯಾಯ.

ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಎಳೆ ವಯಸ್ಸಲ್ಲೇ ಮದುವೆಯಾಗಿ ವಿಧವೆಯೂ ಆದರು. ಆದರೂ ಓದು ಬಿಡಲಿಲ್ಲ. ಮುಂದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. 1930ರಲ್ಲಿ ಮುಂಬೈನಲ್ಲಿ ಸತ್ಯಾಗ್ರಹದ ಉಪ್ಪು ಮಾರಿ ಜೈಲಿಗೆ ಹೋದರು.

ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಗಿರಿ ಕಡೆ ಹೋಗಲಿಲ್ಲ. ಒಂದು ಕಡೆ ಕಾರ್ಖಾನೆ ಸರಕು, ಇನ್ನೊಂದು ಕಡೆ ದಲ್ಲಾಳಿ. ನಡುವೆ ಸೊರಗುತ್ತಿದ್ದ ನೇಕಾರರು, ಕುಂಬಾರರು, ಗೊಂಬೆ ಮಾಡೋರ ಕಡೆ ತಿರುಗಿದರು. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಊರೂರು ಸುತ್ತಿದರು. ಮಾಡಿದವರ ಸಾಮಾನು ನೇರವಾಗಿ ಪೇಟೆಗೆ ಬರಲೆಂದು ಸಹಕಾರ ಸಂಘ, ಎಂಪೋರಿಯಂಗಳನ್ನು ಬೆಳೆಸಿದರು. 1965ರಲ್ಲಿ ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಶುರುವಾಯಿತು. ಹೆಸರೇ ಇಲ್ಲದೆ ದುಡಿದ ಕೈಗಳಿಗೆ ಹೆಸರು ಬಂತು.

1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ನಮ್ಮ ಅಂಗಡಿಯವರು ಮಾಡಬಹುದಾದ್ದು ಇಷ್ಟೇ: ಬುಟ್ಟಿ, ಮಡಕೆ ತಂದುಕೊಟ್ಟವರಿಗೆ ನಾಳೆ ಬಾ ಅನ್ನದೆ ಅವತ್ತೇ ದುಡ್ಡು ಕೊಡಿ. ಮಾಡಿದವರ ಹೆಸರು, ಊರು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಜಾತ್ರೆಗೆ ತಮಟೆಯವರನ್ನು ಕರೆಸೋರೂ ಅಷ್ಟೇ, ಊಟದ ಜೊತೆ ಸಂಭಾವನೆ ಎಷ್ಟು ಅಂತ ಮೊದಲೇ ಮಾತಾಡಿ. ಕೈ ಕೆಲಸಕ್ಕೆ ಕೂಲಿ ಗಿಟ್ಟದಿದ್ದರೆ ಅವರ ಮಕ್ಕಳು ಆ ಕೆಲಸ ಕಲಿಯೋದಿಲ್ಲ.