ನರತುದಿಯ ಗುಟ್ಟು ಬಿಡಿಸಿದ ಜೂಲಿಯಸ್ ಆಕ್ಸೆಲ್‌ರಾಡ್

ವೈದ್ಯನಾಗಬೇಕೆಂದು ಹಂಬಲಿಸಿದ ಯುವಕನೊಬ್ಬನಿಗೆ ಅಮೆರಿಕದ ಯಾವ ವೈದ್ಯಕೀಯ ಕಾಲೇಜೂ ಬಾಗಿಲು ತೆರೆಯಲಿಲ್ಲ. ಆದರೆ ಮುಂದೆ ಆತ ಕಂಡುಕೊಂಡ ಸತ್ಯವೊಂದು ಜಗತ್ತಿನ ವೈದ್ಯರೆಲ್ಲರ ಔಷಧಚೀಟಿಯನ್ನೇ ಬದಲಿಸಿತು. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ ಇಂದು ನೀಡಲಾಗುವ ಉತ್ತೇಜಕವಲ್ಲದ ಔಷಧಗಳ ಹಿಂದಿರುವುದೂ ಅದೇ ಸತ್ಯ. ಆ ವಿಜ್ಞಾನಿಯೇ ಜೂಲಿಯಸ್ ಆಕ್ಸೆಲ್‌ರಾಡ್.

1912ರ ಮೇ 30ರಂದು ನ್ಯೂಯಾರ್ಕ್ ನಗರದಲ್ಲಿ ವಲಸೆ ಬಂದ ಬಡ ಯಹೂದಿ ದಂಪತಿಗೆ ಆಕ್ಸೆಲ್‌ರಾಡ್ ಜನಿಸಿದರು. ತಂದೆಯದು ಬುಟ್ಟಿ ಹೆಣೆಯುವ ಕಸುಬು. ಸಿಟಿ ಕಾಲೇಜಿನಲ್ಲಿ ಓದಿ 1933ರಲ್ಲಿ ಪದವೀಧರರಾದರು. ಅಂದಿನ ವೈದ್ಯಕೀಯ ಕಾಲೇಜುಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರವೇಶಕ್ಕೆ ಮಿತಿಯಿತ್ತು. ಅರ್ಜಿಗಳೆಲ್ಲ ತಿರಸ್ಕೃತವಾದವು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಆಹಾರಕ್ಕೆ ಸೇರಿಸುವ ವಿಟಮಿನ್‌ಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರ ನೌಕರಿಗೆ ಅವರು ತೃಪ್ತಿಪಡಬೇಕಾಯಿತು. ಅಲ್ಲಿ ಅಮೋನಿಯಾ ಸೀಸೆ ಸಿಡಿದು ಎಡಗಣ್ಣಿನ ದೃಷ್ಟಿ ಹೋಯಿತು. ಆದರೂ ಹಗಲು ದುಡಿದು, ರಾತ್ರಿ ತರಗತಿಗಳಲ್ಲಿ ಕಲಿತು 1941ರಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು.

ಅವರ ಬದುಕಿಗೆ ತಿರುವು ದೊರೆತದ್ದು 1946ರಲ್ಲಿ. ಆಗಿನ ತಲೆನೋವಿನ ಮಾತ್ರೆಗಳಲ್ಲಿದ್ದ ಅಸಿಟನಿಲೈಡ್ ಎಂಬ ವಸ್ತು ಕೆಲವರ ರಕ್ತವನ್ನು ಕೆಡಿಸುತ್ತಿತ್ತು. ಅದರ ಕಾರಣ ಹುಡುಕುವ ಕಾರ್ಯದಲ್ಲಿ ಅವರು ಬರ್ನಾರ್ಡ್ ಬ್ರೋಡಿಯವರ ಜತೆಗೂಡಿದರು. ದೇಹವು ಆ ವಸ್ತುವನ್ನು ಎರಡು ಬಗೆಯಾಗಿ ಮಾರ್ಪಡಿಸುತ್ತದೆ, ಅವುಗಳಲ್ಲಿ ಒಂದು ಹಾನಿಕರ, ಇನ್ನೊಂದು ನೋವು ಕಳೆಯುವಂಥದು ಎಂಬುದು ತಿಳಿದುಬಂತು. ನೋವು ಕಳೆಯುವ ಆ ವಸ್ತುವೇ ಇಂದು ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್.

1949ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ಹೃದಯ ಸಂಸ್ಥೆ ಸೇರಿದರು. ಔಷಧಗಳನ್ನು ಮಾರ್ಪಡಿಸುವ ಯಕೃತ್ತಿನ ಕಿಣ್ವಗಳ ಬಗ್ಗೆ ಅಲ್ಲಿ ಮಹತ್ವದ ಕೆಲಸ ಮಾಡಿದರೂ ಡಾಕ್ಟರೇಟ್ ಇಲ್ಲದ ಕಾರಣ ಬಡ್ತಿ ದೂರವಾಗಿತ್ತು. ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ 1955ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಆ ಪದವಿಯನ್ನೂ ಪಡೆದರು. ಅದೇ ವರ್ಷ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ಕಳಿಸುವುದು ನಾರ್‌ಅಡ್ರಿನಾಲಿನ್‌ನಂತಹ ರಾಸಾಯನಿಕಗಳ ಮೂಲಕ. ಸಂದೇಶ ಮುಟ್ಟಿದ ಬಳಿಕ ಆ ರಾಸಾಯನಿಕ ಏನಾಗುತ್ತದೆ? ಕಿಣ್ವಗಳು ಅದನ್ನು ನಾಶಮಾಡುತ್ತವೆ ಎಂದೇ ವಿಜ್ಞಾನಿಗಳು ನಂಬಿದ್ದರು. ಅಂತಹ ಒಂದು ಕಿಣ್ವವನ್ನು 1957ರಲ್ಲಿ ಆಕ್ಸೆಲ್‌ರಾಡ್ ಅವರೇ ಪತ್ತೆಹಚ್ಚಿದ್ದರು. ಆದರೆ ಆ ಕಿಣ್ವವನ್ನು ತಡೆದರೂ ರಾಸಾಯನಿಕದ ಪ್ರಭಾವ ಬೇಗನೆ ಅಡಗುತ್ತಿತ್ತು. ತಮ್ಮದೇ ಶೋಧ ಪೂರ್ಣ ಉತ್ತರವಲ್ಲವೆಂದು ಒಪ್ಪಿಕೊಂಡು ಅವರು ಹುಡುಕಾಟ ಮುಂದುವರಿಸಿದರು.

ಉತ್ತರ ದೊರೆತದ್ದು ಬೆಕ್ಕುಗಳ ಮೇಲಿನ ಪ್ರಯೋಗದಿಂದ. ತಲೆಯ ಒಂದು ಪಾರ್ಶ್ವದ ನರಗಳನ್ನು ನಿಷ್ಕ್ರಿಯಗೊಳಿಸಿ, ವಿಕಿರಣಶೀಲ ನಾರ್‌ಅಡ್ರಿನಾಲಿನ್ ಚುಚ್ಚಲಾಯಿತು. ನರಗಳು ಜೀವಂತವಾಗಿದ್ದ ಕಡೆ ಅದು ಸಂಗ್ರಹವಾಯಿತು, ಇನ್ನೊಂದು ಕಡೆ ಬಹುತೇಕ ಕಾಣಲಿಲ್ಲ. ಅಂದರೆ ನರತುದಿಯು ತಾನು ಹೊರಬಿಟ್ಟದ್ದನ್ನು ತಾನೇ ಮರಳಿ ಹೀರಿಕೊಂಡು ಮತ್ತೆ ಬಳಸುತ್ತದೆ. ಕೊಕೇನ್ ಹಾಗೂ ಖಿನ್ನತೆಯ ಔಷಧ ಇಮಿಪ್ರಮಿನ್ ಈ ಮರುಹೀರಿಕೆಯನ್ನು ತಡೆಯುತ್ತವೆಂದೂ ಅವರ ತಂಡ ತೋರಿಸಿತು. 1970ರಲ್ಲಿ ಉಲ್ಫ್ ವಾನ್ ಆಯ್ಲರ್ ಮತ್ತು ಬರ್ನಾರ್ಡ್ ಕಾಟ್ಜ್ ಅವರೊಂದಿಗೆ ಆಕ್ಸೆಲ್‌ರಾಡ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಎಡಿಎಚ್‌ಡಿ ಔಷಧವನ್ನು ಆಕ್ಸೆಲ್‌ರಾಡ್ ತಯಾರಿಸಲಿಲ್ಲ. ಆದರೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಟೊಮಾಕ್ಸೆಟಿನ್ ನಡೆಯುವುದು ಅವರು ತೋರಿದ ದಾರಿಯಲ್ಲೇ. ಅದು ನಾರ್‌ಅಡ್ರಿನಾಲಿನ್‌ನ ಮರುಹೀರಿಕೆಯನ್ನು ತಡೆಯುತ್ತದೆ. ಗಮನವನ್ನು ಹಿಡಿದಿಡುವ, ದುಡುಕನ್ನು ನಿಯಂತ್ರಿಸುವ ಮೆದುಳಿನ ಮುಂಭಾಗದಲ್ಲಿ ಡೋಪಮಿನ್ ಕೂಡ ಬಹುಪಾಲು ಇದೇ ಬಾಗಿಲಿನಿಂದ ಒಳಹೋಗುವುದರಿಂದ, ಅಲ್ಲಿ ಎರಡರ ಪ್ರಮಾಣವೂ ಹೆಚ್ಚುತ್ತದೆ. ಸುಖಾನುಭವಕ್ಕೆ ಸಂಬಂಧಿಸಿದ ಭಾಗದಲ್ಲಿ ಡೋಪಮಿನ್ ಏರುವುದಿಲ್ಲ. ಆದ್ದರಿಂದಲೇ ಚಟವಾಗುವ ಭಯ ಕಡಿಮೆ. ಉತ್ತೇಜಕಗಳಂತೆ ಗಂಟೆಯೊಳಗೆ ಗುಣ ತೋರದು, ಪೂರ್ಣ ಪರಿಣಾಮಕ್ಕೆ ಹಲವು ವಾರಗಳು ಬೇಕು. ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಆಲೋಚನೆ ಮೂಡಬಹುದೆಂಬ ಎಚ್ಚರಿಕೆ ಇರುವುದರಿಂದ ವೈದ್ಯರ ನಿಗಾ ಅಗತ್ಯ.

ಉತ್ತೇಜಕವಲ್ಲದ ಇತರ ಔಷಧಗಳಾದ ಗ್ವಾನ್‌ಫಸಿನ್ ಮತ್ತು ಕ್ಲೋನಿಡಿನ್ ಮೊದಲು ರಕ್ತದೊತ್ತಡಕ್ಕೆ ಬಳಕೆಯಾದವು. ಅವು ಮರುಹೀರಿಕೆಯನ್ನು ಮುಟ್ಟದೆ, ನಾರ್‌ಅಡ್ರಿನಾಲಿನ್ ಸಂದೇಶವನ್ನು ಸ್ವೀಕರಿಸುವ ಗ್ರಾಹಕಗಳನ್ನೇ ನೇರವಾಗಿ ಪ್ರಚೋದಿಸುತ್ತವೆ. 2021ರಲ್ಲಿ ಅಮೆರಿಕದಲ್ಲಿ ಮಕ್ಕಳ ಎಡಿಎಚ್‌ಡಿಗೆ ಅನುಮತಿ ದೊರೆತ ವಿಲೊಕ್ಸಜಿನ್ ಮಾತ್ರ ಮತ್ತೆ ಮರುಹೀರಿಕೆಯನ್ನು ತಡೆಯುವ ಔಷಧ.

1984ರಲ್ಲಿ ನಿವೃತ್ತರಾದ ಆಕ್ಸೆಲ್‌ರಾಡ್ 2004ರ ಡಿಸೆಂಬರ್ 29ರಂದು ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿ ತಮ್ಮ 92ನೇ ವಯಸ್ಸಿನಲ್ಲಿ ನಿಧನರಾದರು. ಸೋಮಾರಿ, ತುಂಟ ಎಂದು ತರಗತಿಯಲ್ಲಿ ಬೈಗುಳ ತಿನ್ನುವ ಮಗುವಿನ ತೊಂದರೆ ಬರೀ ನಡತೆಯದ್ದಲ್ಲ, ಅದರ ಮೆದುಳಿನ ನರತುದಿಗಳಲ್ಲೂ ಅದಕ್ಕೆ ಕಾರಣವಿರಬಹುದು ಎಂದು ಇಂದಿನ ವೈದ್ಯರು ಪೋಷಕರಿಗೆ ವಿವರಿಸಬಲ್ಲರು. ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನೇ ಹತ್ತಲಾಗದ ಒಬ್ಬರು ಆ ವೈದ್ಯರಿಗೆ ಬಿಟ್ಟುಹೋದ ಆಸ್ತಿ ಇದು.